ಭಗವಾ ದಾಳಿಂಬೆಗೆ ರಷ್ಯಾದ ನೆಂಟಸ್ತಿಕೆ

ಕೋಲಾರ, ಮುಳಬಾಗಿಲು ಕಡೆ ಹಣ್ಣಿನಂಗಡೀಲಿ ಈಗ ದಾಳಿಂಬೆ ಅಂದ್ರೆ ಭಗವಾ ಅಂತಲೇ ಆಗಿದೆ. ತೆಲುಗು ಮಾತಾಡೋ ಮನೆಗಳಲ್ಲಿ ದಾನಿಮ್ಮ ಅಂತಾರೆ, ಹಣ್ಣು ಅದೇ. ಕೇಸರಿಗೆಂಪಿನ ದಪ್ಪ ಸಿಪ್ಪೆ, ಕಡುಗೆಂಪು ಕಾಳು, ಹಲ್ಲಿಗೆ ಅಡ್ಡ ಬಾರದ ಮೆತ್ತನೆ ಬೀಜ. ಈ ಕೆಂಪು ಮಾತ್ರ ಚಳಿ ಸೀಮೆಯ ಕೊಡುಗೆ.

ಭಗವಾದ ತಾಯಿ 'ಗಣೇಶ್'. ಪುಣೆಯ ಗಣೇಶ್‌ಖಿಂಡ್‌ನಲ್ಲಿ ಡಾ. ಜಿ.ಎಸ್. ಚೀಮಾ 1936ರಲ್ಲಿ ಆರಿಸಿದ ತಳಿ. ಸಿಹಿ, ಮೆತ್ತನೆ ಬೀಜ. ಆದರೆ ಕಾಳು ನಸುಗೆಂಪು, ಬಿಸಿಲುಗಾಲದಲ್ಲಿ ಬಿಳಿಚಿಕೊಂಡೇ ಇರುತ್ತೆ. ಅದಕ್ಕೇ 'ಗುಲ್-ಎ-ಶಾ ರೆಡ್' ಅನ್ನೋ ರಷ್ಯನ್ ತಳಿಯ ಜೊತೆ ಸಂಕರ ಮಾಡಿದರು. ಅದರ ಕಾಳು ರಕ್ತಗೆಂಪು, ಬೀಜ ಗಟ್ಟಿ. ರಾಹುರಿಯ ಮಹಾತ್ಮ ಫುಲೆ ಕೃಷಿ ವಿಶ್ವವಿದ್ಯಾಲಯದವರು ಈ ಜೋಡಿಯಿಂದ ಮೊದಲು ಮೃದುಲಾ, ಆಮೇಲೆ ಭಗವಾ ಕೊಟ್ಟರು. ತಾಯಿಯ ಮೆತ್ತನೆ ಬೀಜ, ತಂದೆಯ ಬಣ್ಣ! ನಮ್ಮ ಹೆಸರಘಟ್ಟದ ಸಂಸ್ಥೆಯ ರೂಬಿ ತಳಿಯಲ್ಲೂ ಗಣೇಶ್ ಜೊತೆ ಕಾಬೂಲ್ ಬೆರೆತಿದೆ.

ಇರಾನ್, ಮಧ್ಯ ಏಷ್ಯಾ ಕಡೆಯ ದಾಳಿಂಬೆ ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತೆ. ಗಟ್ಟಿ ತಳಿಗಳು ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯನ್ನೂ ತಡೆಯುತ್ತವೆ. ಮಾಲೂರು, ಶ್ರೀನಿವಾಸಪುರದಲ್ಲಿ ಅಂಥ ಚಳಿ ಎಲ್ಲಿಂದ ಬರಬೇಕು? ಗಿಡ ವರ್ಷವಿಡೀ ಹಸಿರು, ಹೂವು ಬಿಟ್ಟಾಗ ಬಿಟ್ಟಿತು. ಹಾಗಾಗಿ ಚಳಿಗಾಲವನ್ನ ರೈತರೇ ಸೃಷ್ಟಿಸಬೇಕು. ಡ್ರಿಪ್ ನೀರು ನಿಲ್ಲಿಸಿ ಗಿಡ ಬಾಡಿಸ್ತಾರೆ, ರೆಂಬೆ ಸವರಿ, ಔಷಧಿ ಹೊಡೆದು ಎಲೆ ಉದುರಿಸ್ತಾರೆ. ಆಮೇಲೆ ಗೊಬ್ಬರ, ನೀರು ಕೊಟ್ಟರೆ ಒಟ್ಟಿಗೇ ಹೂವು. ಇದಕ್ಕೆ ಬಹಾರ್ ಅಂತ ಹೆಸರು.

ಇಲ್ಲೇ ಇರೋದು ಕಷ್ಟ. ಭಗವಾ ಹೂವಿಂದ ಹಣ್ಣಾಗೋಕೆ ಸುಮಾರು ಆರು ತಿಂಗಳು. ಜನವರಿಯಲ್ಲಿ ನೀರು ಬಿಟ್ಟರೆ ಏಪ್ರಿಲ್-ಮೇ ಬಿಸಿಲಲ್ಲಿ ಬೋರ್‌ವೆಲ್ ಕೈಕೊಡೋ ಭಯ. ಜೂನ್‌ಗೆ ಬಿಟ್ಟರೆ ಮಳೆ, ಮಳೆ ಜೊತೆ ದುಂಡಾಣು ಅಂಗಮಾರಿ. ಕಾಯಿ ಮೇಲೆ ಕಪ್ಪು ಚುಕ್ಕೆ ಬಿದ್ದು, ಹಣ್ಣು ಸೀಳಿಬಿಡುತ್ತೆ. ಈ ರೋಗದ ಮುಂದೆ ಗಣೇಶನೂ ಸೋತ, ಭಗವಾನೂ ಸೋತ. ವರ್ಷವಿಡೀ ಹರಿಯೋ ನದಿ ಇಲ್ಲದ ನಮ್ಮ ಜಿಲ್ಲೆಯಲ್ಲಿ ಆ ತಿಂಗಳ ಲೆಕ್ಕಾಚಾರವೇ ವರ್ಷದ ಸಂಪಾದನೆ.

ಕೊಳ್ಳುವಾಗ ಬರೀ ಬಣ್ಣಕ್ಕೆ ಮರುಳಾಗಬೇಡಿ. ಕೈಗೆ ಭಾರ ಅನ್ನಿಸೋ, ಗುಂಡಗಿರದೆ ಪಕ್ಕಗಳು ಸ್ವಲ್ಪ ಚಪ್ಪಟೆಯಾಗಿರೋ ಹಣ್ಣು ಆರಿಸಿ. ಕಾಳು ಬಿಳುಪಿದ್ದರೆ ಗಣೇಶ್ ಇರಬಹುದು, ಕಾಯಿ ಅಂತ ಬಿಸಾಕಬೇಡಿ. ಮೊಸರನ್ನಕ್ಕಂತೂ ನನಗೆ ಗಣೇಶನೇ ಸರಿ. ಭಗವಾ ಹಾಕಿ ಕಲಸಿದರೆ ಅನ್ನವೆಲ್ಲ ಗುಲಾಬಿ!