ತಿಳಿನೀರಿನಲ್ಲಿ ಸಾಯುವ ಮೀನು
ತೊಟ್ಟಿಯ ನೀರು ತಿಳಿಯಾಗಿದೆ, ಮೀನಿನ ಮೈಮೇಲೆ ಗಾಯವಿಲ್ಲ, ಬಿಳಿ ಚುಕ್ಕೆಯಿಲ್ಲ; ಆದರೂ ದಿನ ಬೆಳಗಾದರೆ ಒಂದು ಗಪ್ಪಿಯೋ ಟೆಟ್ರಾವೋ ಸತ್ತು ತೇಲುತ್ತಿರುತ್ತದೆ. ಮನೆಯವರು ಮೊದಲು ರೋಗವನ್ನು ದೂರುತ್ತಾರೆ, ಆಮೇಲೆ ಅಂಗಡಿಯವನನ್ನು. ನನ್ನ ಅನುಮಾನ ಮಾತ್ರ ಯಾವತ್ತೂ ನೀರಿನ ಮೇಲೆಯೇ. ಮೀನಿನ ಕಿವಿರುಗಳಿಂದ ಹೊರಬೀಳುವ, ಉಳಿದ ಆಹಾರ ಕೊಳೆತು ಹುಟ್ಟುವ ಅಮೋನಿಯಾ ವಿಷ, ಆದರೆ ಅದಕ್ಕೆ ಬಣ್ಣವಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಕೊನೆಗೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳ ಬಳಗ ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಅಷ್ಟು ಕಾಯುವವರು ವಿರಳ. ಕಾದವರೂ ಒಂದು ಭಾನುವಾರ ಸ್ಪಂಜನ್ನು ಕ್ಲೋರಿನ್ ಬೆರೆತ ನಲ್ಲಿ ನೀರಿನಲ್ಲಿ ತಿಕ್ಕಿ ತೊಳೆದು ಆ ಜೀವಿಗಳನ್ನು ಕೊಂದುಬಿಡುತ್ತಾರೆ. ಹಳೆಯ ತೊಟ್ಟಿಯ ಕಥೆ ಇನ್ನೂ ಸಂಕಟದ್ದು. ತಿಂಗಳುಗಟ್ಟಲೆ ಬದಲಿಸದ ನೀರು ನಿಧಾನವಾಗಿ ಆಮ್ಲೀಯವಾಗುತ್ತದೆ. ಆಗ ಅಮೋನಿಯಾ ಬಹುಪಾಲು ಅಮೋನಿಯಂ ರೂಪದಲ್ಲಿದ್ದು ಮೀನನ್ನು ಅಷ್ಟಾಗಿ ಕಾಡುವುದಿಲ್ಲ. ಯಾರೋ ಕನಿಕರಪಟ್ಟು ಅರ್ಧಕ್ಕರ್ಧ ನೀರು ಚೆಲ್ಲಿ ಗಡಸು ಬೋರ್‌ವೆಲ್ ನೀರು ತುಂಬುತ್ತಾರೆ. ಪಿಎಚ್ ಏರುತ್ತದೆ, ಅಮೋನಿಯಂ ಮತ್ತೆ ಅಮೋನಿಯಾ ಆಗುತ್ತದೆ, ಒಂದೇ ರಾತ್ರಿಯಲ್ಲಿ ತೊಟ್ಟಿ ಖಾಲಿ. ಅಮೆಜಾನಿನ ಮೆದು ನೀರಿನ ನಿಯಾನ್ ಟೆಟ್ರಾವನ್ನೂ ಗಡಸು ನೀರು ಬಯಸುವ ಮಾಲಿ ಮೀನನ್ನೂ ಒಟ್ಟಿಗೆ ಮಾರುವುದಂತೂ ನನಗೆ ಅನ್ಯಾಯವೆಂದೇ ತೋರುತ್ತದೆ. ಮೀನು ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಔಷಧಿ ಸುರಿಯಬೇಡಿ. ಮೊದಲು ಅಮೋನಿಯಾ, ನೈಟ್ರೈಟ್, ಪಿಎಚ್ ಪರೀಕ್ಷಿಸಿ. ವಾರಕ್ಕೊಮ್ಮೆ ಕಾಲುಭಾಗ ನೀರನ್ನಷ್ಟೇ ಬದಲಿಸಿ, ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡಿ.