ಐಟಿ ರಿಟರ್ನ್ ಇಲ್ಲದಿದ್ದರೆ ಅಪಘಾತದ ಸಾವಿಗೆ ಪರಿಹಾರ ಸಿಗುವುದಿಲ್ಲವೇ?

ಸತತ ಮೂರು ವರ್ಷ ಐಟಿ ರಿಟರ್ನ್ ಸಲ್ಲಿಸಿದವರು ರಸ್ತೆ ಅಪಘಾತದಲ್ಲಿ ತೀರಿಕೊಂಡರೆ, ಅವರ ವಾರ್ಷಿಕ ಸರಾಸರಿ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರ ಕುಟುಂಬಕ್ಕೆ ಕೊಡಲೇಬೇಕು ಎನ್ನುವ ಸಂದೇಶ ಹಲವು ವರ್ಷಗಳಿಂದ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 166ರ ಹೆಸರೂ ಇರುವುದರಿಂದ ನಂಬುವವರು ಹೆಚ್ಚು. ಆ ಸೆಕ್ಷನ್ ಇರುವುದು ನಿಜ. ಆದರೆ ಅದರಲ್ಲಿ ಹತ್ತು ಪಟ್ಟಿನ ಮಾತೂ ಇಲ್ಲ, ಐಟಿ ರಿಟರ್ನ್ ಷರತ್ತೂ ಇಲ್ಲ.

ಹಣ ಕೊಡುವವರು ಯಾರು?

ಸಾಮಾನ್ಯವಾಗಿ, ಅಪಘಾತಕ್ಕೆ ಕಾರಣವಾದ ವಾಹನದ ವಿಮಾ ಕಂಪನಿ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ ಮಾಡಿರುವುದೇ ಇದಕ್ಕಾಗಿ. ವಿಮೆ ಇಲ್ಲದಿದ್ದರೆ ಹೊಣೆ ಮಾಲೀಕ ಮತ್ತು ಚಾಲಕನ ಮೇಲೆ ಬರುತ್ತದೆ. ಸ್ವಂತ ಅಜಾಗರೂಕತೆಯಿಂದ ವಾಹನ ಓಡಿಸಿ ಸತ್ತವರ ಕುಟುಂಬಕ್ಕೆ ಈ ದಾರಿಯಲ್ಲಿ ಪರಿಹಾರ ಸಿಗುವುದು ಕಷ್ಟ. ಕರ್ನಾಟಕದ ಇಂಥ ಒಂದು ಪ್ರಕರಣದಲ್ಲಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕುಟುಂಬದ ಮನವಿಯನ್ನು ಒಪ್ಪಲಿಲ್ಲ.

ಲೆಕ್ಕ ಹಾಕುವುದು ಹೇಗೆ?

ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ಇದಕ್ಕೆ ಆಧಾರ: 2009ರ ಸರಳಾ ವರ್ಮಾ ಪ್ರಕರಣ ಮತ್ತು 2017ರ ಪ್ರಣಯ್ ಸೇಥಿ ಪ್ರಕರಣ. ಒಂದು ಉದಾಹರಣೆ ನೋಡೋಣ. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 34 ವರ್ಷದ ಗಾರೆ ಕೆಲಸಗಾರರೊಬ್ಬರಿಗೆ ಹೆಂಡತಿ, ಇಬ್ಬರು ಮಕ್ಕಳು ಮತ್ತು ತಾಯಿ ಇದ್ದಾರೆ ಎಂದುಕೊಳ್ಳಿ.

• ವರ್ಷದ ಆದಾಯ: 1,80,000
• ಮುಂದೆ ಹೆಚ್ಚಬಹುದಾಗಿದ್ದ ಸಂಪಾದನೆಗೆ ಶೇ. 40 ಸೇರಿಸಿದರೆ: 2,52,000
• ನಾಲ್ವರು ಅವಲಂಬಿತರಿರುವುದರಿಂದ, ಅವರ ಸ್ವಂತ ಖರ್ಚೆಂದು ಕಾಲುಭಾಗ ಕಳೆದರೆ: 1,89,000
• 31ರಿಂದ 35 ವಯಸ್ಸಿಗೆ ನಿಗದಿಯಾದ 16ರಿಂದ ಗುಣಿಸಿದರೆ: 30,24,000 ರೂಪಾಯಿ

ಅಂತ್ಯಕ್ರಿಯೆ ಖರ್ಚು ಮುಂತಾದವು ಇದರ ಮೇಲೆ ಸೇರುತ್ತವೆ. ಫಾರ್ವರ್ಡ್‌ನಲ್ಲಿರುವ ಹತ್ತು ಪಟ್ಟಿನ ಲೆಕ್ಕ ಹಿಡಿದರೆ ಬರುವುದು 18 ಲಕ್ಷ ಮಾತ್ರ!

ಆದಾಯದ ದಾಖಲೆ ಇಲ್ಲದಿದ್ದರೆ?

ರಿಟರ್ನ್ ಇದ್ದರೆ ಆದಾಯ ತೋರಿಸುವುದು ಸುಲಭ, ಅಷ್ಟೇ. ಇಲ್ಲದಿದ್ದರೆ ನ್ಯಾಯಮಂಡಳಿ ಕೆಲಸ, ವಯಸ್ಸು, ಆ ಕಾಲದ ಕೂಲಿ ನೋಡಿ ಅಂದಾಜು ಆದಾಯ ನಿಗದಿ ಮಾಡುತ್ತದೆ. ಕರ್ನಾಟಕದಲ್ಲಿ ಇದಕ್ಕೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಪಟ್ಟಿಯನ್ನು ಬಳಸುವುದು ರೂಢಿ. ಸಂಬಳವಿಲ್ಲದ ಗೃಹಿಣಿಯ ದುಡಿಮೆಗೂ ಹೀಗೆಯೇ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ.

ಈ ಸಂದೇಶದ ನಿಜವಾದ ಅಪಾಯ ಇರುವುದು ಇಲ್ಲೇ. ಕೂಲಿಕಾರರ, ರೈತರ, ಬೀದಿ ವ್ಯಾಪಾರಿಗಳ ಮನೆಯವರು ಇದನ್ನು ಓದಿ, ನಮ್ಮವರು ಟ್ಯಾಕ್ಸ್ ಕಟ್ಟಿರಲಿಲ್ಲ, ನಮಗೇನೂ ಬರುವುದಿಲ್ಲ ಎಂದು ಸುಮ್ಮನಾಗಬಹುದು. ಅಥವಾ ವಿಮಾ ಕಂಪನಿ ಕಡೆಯವರು ಹೇಳಿದಷ್ಟಕ್ಕೆ ಸಹಿ ಹಾಕಬಹುದು.

ಕುಟುಂಬ ಏನು ಮಾಡಬೇಕು?

ಎಫ್‌ಐಆರ್, ಮರಣೋತ್ತರ ಪರೀಕ್ಷೆ ವರದಿ, ವಾಹನದ ವಿಮೆ ವಿವರ, ವಯಸ್ಸಿನ ದಾಖಲೆ ಇಟ್ಟುಕೊಳ್ಳಿ. ಅಪಘಾತವಾದ ಊರಿನ ನ್ಯಾಯಮಂಡಳಿಗೇ ಹೋಗಬೇಕೆಂದಿಲ್ಲ, ನೀವು ವಾಸಿಸುವ ಕಡೆಯೂ ಅರ್ಜಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿ ಆರು ತಿಂಗಳ ಗಡುವು ಹಾಕಿದೆ. ತಡವಾಯಿತೆಂಬ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿದ್ದರೂ, ಅದನ್ನು ನಂಬಿ ಕೂರಬೇಡಿ.

ಗುದ್ದಿದ ವಾಹನ ಪತ್ತೆಯೇ ಆಗದಿದ್ದರೆ ಹಿಟ್ ಅಂಡ್ ರನ್ ಯೋಜನೆಯಲ್ಲಿ ಸಾವಿಗೆ 2 ಲಕ್ಷ ರೂಪಾಯಿ ಪರಿಹಾರವಿದೆ. ಅದಕ್ಕೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ಉಚಿತ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100. ಆ ಹಳೆಯ ಸಂದೇಶ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಉತ್ತರವಾಗಿ ಈ ಸಂಖ್ಯೆಯನ್ನು ಹಾಕಿ.