ಗೆದ್ದರೆ ನಾವು, ಸೋತರೆ ಅವರು

(ಅಂತಿಮ ಬಿ.ಎ. ವಿದ್ಯಾರ್ಥಿ)

ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ ಎಂದು ಎಲ್ಲರೂ ಹೇಳುತ್ತಾರೆ. ಸೋತ ದಿನ ಮಾತ್ರ ಯಾರೂ ಹೇಳುವುದಿಲ್ಲ. ಸೋತ ದಿನ ನಾವು ಏನೇನು ಹೇಳುತ್ತೇವೆ ಎಂಬುದನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿತ್ತು. ವಾಚಕ ಮಿತ್ರರಲ್ಲಿ ಕಾಲ್ಚೆಂಡಾಟದ ಗೊಡವೆಯೇ ಇಲ್ಲದವರು ಅನೇಕರಿರಬಹುದು. ಕ್ರಿಕೆಟ್ಟಿನ ಹುಚ್ಚಿನವರಂತೂ ಇದ್ದೇ ಇದ್ದಾರೆ. ಅವರೂ ದಯವಿಟ್ಟು ಓದಬೇಕು; ಈ ರೋಗ ಎಲ್ಲ ಆಟದವರಿಗೂ ಉಂಟು.

2023ರ ಡಿಸೆಂಬರ್ 8ನೆಯ ತಾರೀಖು, ಶುಕ್ರವಾರ. ನಾನು ಆಗ ಮೊದಲನೆಯ ವರ್ಷದ ಬಿ.ಎ.ಯಲ್ಲಿದ್ದೆ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗಿನ ಪಂದ್ಯ, ಬೆಂಗಳೂರು ಎಫ್‌.ಸಿ.ಗೂ ಮುಂಬೈ ಸಿಟಿಗೂ. ನಾವು ನಾಲ್ವರು ಮಿತ್ರರು ಹೊರಟೆವು. ಚಿಕ್ಕಬಳ್ಳಾಪುರದವನೊಬ್ಬ, ಗೌರಿಬಿದನೂರಿನವನೊಬ್ಬ, ಚಿಂತಾಮಣಿಯವನೊಬ್ಬ, ಶಿಡ್ಲಘಟ್ಟದವನು ನಾನು. ನಾಲ್ಕು ತಾಲ್ಲೂಕುಗಳ ಪ್ರತಿನಿಧಿಗಳೆಂದು ದಾರಿಯುದ್ದಕ್ಕೂ ನಮ್ಮನ್ನು ನಾವೇ ಹೊಗಳಿಕೊಂಡದ್ದಾಯಿತು. ನಮ್ಮಲ್ಲಿ ಮೂವರು ಆ ಕ್ರೀಡಾಂಗಣದ ಒಳಗೆ ಕಾಲಿಟ್ಟದ್ದು ಅದೇ ಮೊದಲು. ಪಶ್ಚಿಮದ ಗ್ಯಾಲರಿಯಲ್ಲಿ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಅಭಿಮಾನಿಗಳ ಕೂಟವಿದೆ. ನೀಲಿ ಅಂಗಿ, ಡೋಲು, ಒಂದೇ ತಾಳಕ್ಕೆ ಬೀಳುವ ಸಾವಿರಾರು ಕೈಗಳ ಚಪ್ಪಾಳೆ. ಊರ ತೇರು ಹೊರಡುವ ಹೊತ್ತಿನ ಸಡಗರವೇ ಸರಿ.

ಪಂದ್ಯದ ವಿವರ ಬೇಡ. ಸೊನ್ನೆಗೆ ನಾಲ್ಕು. ನಮ್ಮದು ಸೊನ್ನೆ.

ಮೊದಲನೆಯ ಗೋಲಾದಾಗ ‘ನಾವು ಹುಷಾರಾಗಬೇಕು ಕಣ್ರೋ’ ಎಂದಿದ್ದ ನಮ್ಮ ಗೌರಿಬಿದನೂರಿನ ಗೆಳೆಯ, ಮೂರನೆಯದಾದಾಗ ‘ಇವರಿಗೆ ಆಡೋಕೆ ಬರಲ್ಲ’ ಎಂದ. ಎಷ್ಟು ಹೊತ್ತಿನಲ್ಲಿ ‘ನಾವು’ ಹೋಗಿ ‘ಇವರು’ ಬಂದಿತು ಎಂದು ನಾನು ಆಗ ಗಮನಿಸಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ನಮ್ಮ ಮುಂದಿನ ಸಾಲಿನ ಒಬ್ಬರು ಆ ಹೊತ್ತಿಗಾಗಲೇ ಎದ್ದು ಹೋಗಿದ್ದರು. ಇನ್ನೊಬ್ಬರು ಹೋಗದೆ ಕೂತು, ಹಿಂಭಾಗದಲ್ಲಿ ಆಡುತ್ತಿದ್ದ ಹುಡುಗನೊಬ್ಬನ ತಾಯಿಯನ್ನೂ ಅವನ ಸೀಮೆಯನ್ನೂ ಹಿಡಿದು ಬೈದರು. ಆ ಮಾತುಗಳನ್ನು ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸುವಂತಿಲ್ಲ.

ಮೆಜೆಸ್ಟಿಕ್ಕಿಗೆ ಬಂದು, ಬಹಳ ಹೊತ್ತು ಕಾದು, ಆಂಧ್ರದ ಕಡೆಗೆ ಹೋಗುವ ಬಸ್ಸೊಂದನ್ನು ಹತ್ತಿದೆವು. ಹೆಬ್ಬಾಳ ದಾಟುವ ಮೊದಲೇ ವಾದ ಪ್ರಾರಂಭವಾಯಿತು. ಗೌರಿಬಿದನೂರಿನವನ ತೀರ್ಪು ಸರಳವಾಗಿತ್ತು: ಕೋಚನ್ನು ತೆಗೆಯಬೇಕು. ಚಿಂತಾಮಣಿಯವನು ಮಾಲೀಕರೇ ಸರಿಯಿಲ್ಲವೆಂದ. ಚಿಕ್ಕಬಳ್ಳಾಪುರದವನು, ‘ಲೋ, ನಿಮ್ಮೂರಲ್ಲಿ ಎರಡು ಗೋಲ್ ಕಂಬ ನೆಟ್ಟಿಲ್ಲ, ನಿಮಗ್ಯಾಕ್ರೋ ಈ ಉಸಾಬರಿ?’ ಎಂದು ಕೇಳಿ ನಿದ್ದೆ ಹೋದ. ನಾವು ಊರಿನ ಹೊರಗೆ ಹೆದ್ದಾರಿಯಲ್ಲಿ ಇಳಿದಾಗ ನಡುರಾತ್ರಿ ಕಳೆದಿತ್ತು. ಅವನ ಮನೆಯವರೆಗೆ ನಡೆದೆವು; ವಾದವೂ ಜೊತೆಯಲ್ಲೇ ನಡೆಯಿತು.

ಮಾರನೆಯ ದಿನ ಸುದ್ದಿ ಬಂತು: ತರಬೇತುದಾರ ಸೈಮನ್ ಗ್ರೇಸನ್ ಅವರನ್ನು ಬಿಡುಗಡೆ ಮಾಡಲಾಗಿದೆ. ಗೌರಿಬಿದನೂರಿನವನು ತಾನೇ ಆಜ್ಞೆ ಹೊರಡಿಸಿದವನಂತೆ, ‘ನೋಡಿದ್ರೇನ್ರೋ?’ ಎಂದು ಎಲ್ಲರಿಗೂ ಟೀ ಕೊಡಿಸಿದ. ಅವನು ಟೀ ಕೊಡಿಸಿದ್ದು ಅದೊಂದೇ ಸಲ. ಆದ್ದರಿಂದ ನನಗೆ ಚೆನ್ನಾಗಿ ನೆನಪಿದೆ.

ಆದರೆ ಈ ಗ್ರೇಸನ್ ಯಾರು? ಹಿಂದಿನ ಋತುವಿನಲ್ಲಿ ಇದೇ ತಂಡವನ್ನು ಮೂರು ಸ್ಪರ್ಧೆಗಳ ಅಂತಿಮ ಪಂದ್ಯಗಳಿಗೆ ಕರೆದೊಯ್ದವರು. 2022ರ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ ಗೆದ್ದದ್ದು ಅವರ ಕೈಯಲ್ಲೇ. ಲೀಗಿನ ಕೊನೆಯ ಎಂಟು ಪಂದ್ಯಗಳನ್ನು ಸಾಲಾಗಿ ಗೆದ್ದು, 2023ರ ಮಾರ್ಚ್ 18ರಂದು ಗೋವದಲ್ಲಿ ಅಂತಿಮ ಪಂದ್ಯವಾಡಿ, ಪೆನಾಲ್ಟಿಗಳಲ್ಲಿ ಸೋತರು. ಮರುತಿಂಗಳು ಸೂಪರ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಒಡಿಶಾಗೆ ಸೋತರು. ಆಗ ನಮಗೆ ಅವರು ಬುದ್ಧಿವಂತರು. ಒಂಬತ್ತು ತಿಂಗಳಲ್ಲಿ ಮನುಷ್ಯನ ಬುದ್ಧಿ ಅಷ್ಟೊಂದು ಸವೆಯುವುದುಂಟೆ?

ಈಗ ನನ್ನ ಅಭಿಪ್ರಾಯವನ್ನು ಹೇಳುತ್ತೇನೆ. ಅದು ಬಂದದ್ದು ಪುಸ್ತಕದಿಂದಲ್ಲ, ನಮ್ಮ ಹುಳುಮನೆಯಿಂದ. ನಮ್ಮ ತಂದೆ ರೇಷ್ಮೆಹುಳು ಸಾಕುವವರು. ಒಂದು ಬೆಳೆ ಕೆಟ್ಟರೆ ಮನೆಯಲ್ಲಿ ಏನು ನಡೆಯುತ್ತದೆಂದು ಶಿಡ್ಲಘಟ್ಟದ ಕಡೆಯವರಿಗೆ ಹೇಳಬೇಕಾಗಿಲ್ಲ. ಮೊದಲನೆಯ ಸಂಜೆ ಮೊಟ್ಟೆ ಕೊಟ್ಟವನಿಗೆ ಬೈಗುಳ ಸಲ್ಲುತ್ತದೆ, ಸುಳ್ಳೇಕೆ ಹೇಳಲಿ. ಮಾರನೆಯ ಬೆಳಿಗ್ಗೆ ಬೇರೆ ಮಾತು. ಚಾಕಿಯಲ್ಲೇ ಕೆಟ್ಟಿತ್ತೆ? ಮೂರನೆಯ ಜ್ವರ ಎದ್ದ ಮೇಲೆ ಕೊಟ್ಟ ಸೊಪ್ಪು ಒದ್ದೆಯಾಗಿತ್ತೆ? ಇದು ಸುಣ್ಣಕಟ್ಟೋ ಹಾಲುತೊಂಡೆಯೋ? ಮನೆಗೆ ಗಾಳಿ ಸಾಲದೆ ಹೋಯಿತೆ? ಹೀಗೆ ಒಂದೊಂದೇ ಕೇಳಿಕೊಳ್ಳುತ್ತಾ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಇಡುತ್ತಾರೆ. ಗೂಡಿಗೆ ಒಳ್ಳೆಯ ಬೆಲೆ ಬಂದಾಗಲೂ ‘ನಮ್ಮ ಬೆಳೆ’, ಹುಳು ಸತ್ತು ತಿಪ್ಪೆಗೆ ಸುರಿದಾಗಲೂ ‘ನಮ್ಮ ಬೆಳೆ ಹೋಯಿತು’. ‘ಅವರ ಬೆಳೆ ಹೋಯಿತು’ ಎಂದು ನಮ್ಮಪ್ಪ ಹೇಳಿದ್ದನ್ನು ನಾನು ಕೇಳಿಲ್ಲ.

ಅಭಿಮಾನಿಗೂ ಆ ಎರಡನೆಯ ಬೆಳಗಿನ ಮಾತು ಬರಬೇಕು ಎನ್ನುವುದೇ ನನ್ನ ವಾದ. ಆ ಡಿಸೆಂಬರಿನ ರಾತ್ರಿ ನಾವು ಬಸ್ಸಿನಲ್ಲಿ ಕೇಳಬೇಕಾಗಿದ್ದ ಪ್ರಶ್ನೆಗಳು ಇದ್ದುವು. 2014ರಿಂದ ತಂಡದಲ್ಲಿದ್ದ ಉದಾಂತ ಸಿಂಗ್ ಆ ವರ್ಷ ಗೋವಕ್ಕೆ ಹೋದರು. ರಕ್ಷಣೆಯ ಕಂಬದಂತಿದ್ದ ಸಂದೇಶ್ ಝಿಂಗನ್ ಅವರೂ ಅಲ್ಲಿಗೇ ಹೋದರು. ಗೋಲು ಹೊಡೆಯುವ ರಾಯ್ ಕೃಷ್ಣ ಒಡಿಶಾ ಸೇರಿದರು. ಸೆಪ್ಟೆಂಬರ್ 21ರಂದು ಕೊಚ್ಚಿಯಲ್ಲಿ ಮೊದಲನೆಯ ಪಂದ್ಯ ಸೋತಾಗ ನಾಯಕ ಸುನಿಲ್ ಛೆಟ್ರಿ ಚೀನದ ಹಾಂಗ್‌ಝೌನಲ್ಲಿ ದೇಶದ ಪರವಾಗಿ ಏಷ್ಯನ್ ಕ್ರೀಡಾಕೂಟದಲ್ಲಿ ಆಡುತ್ತಿದ್ದರು. ಅವರಿಗೆ ಆಗಲೇ 39 ವರ್ಷ. ಬೆಳೆ ಕೆಟ್ಟದ್ದು ಚಾಕಿಯಲ್ಲಿ; ನಾವು ನೋಡಿದ್ದು ಹಣ್ಣಾಗುವ ದಿನ. ಹೊಸಬರನ್ನು ಆರಿಸಿದ್ದರಲ್ಲಿ ಗ್ರೇಸನ್ ಅವರ ತಪ್ಪೂ ಇದ್ದೀತು, ಇಲ್ಲವೆನ್ನುವುದಿಲ್ಲ. ಆದರೆ ಅದೊಂದೇ ತಪ್ಪೆಂದು ಟೀ ಕುಡಿದು ಎದ್ದುಬಿಟ್ಟರೆ ತಟ್ಟೆ ತೊಳೆಯುವವರು ಯಾರು?

ಅವರ ಸ್ಥಾನಕ್ಕೆ ಸ್ಪೇನಿನ ಜೆರಾರ್ಡ್ ಜರಗೋಜ ಬಂದರು. ಮುಂದೇನಾಯಿತು? 2024ರ ಏಪ್ರಿಲ್ 11ರಂದು ಅದೇ ಕಂಠೀರವದಲ್ಲಿ, ಮೋಹನ್ ಬಾಗಾನ್ ತಂಡದ ಎದುರು, ಮತ್ತೆ ಸೊನ್ನೆಗೆ ನಾಲ್ಕು! ಹನ್ನೆರಡು ತಂಡಗಳ ಲೀಗಿನಲ್ಲಿ ನಮಗೆ ದೊರೆತದ್ದು ಹತ್ತನೆಯ ಸ್ಥಾನ. ಈ ಪಂದ್ಯವನ್ನು ನಾವು ಹಾಸ್ಟೆಲಿನಲ್ಲಿ ಒಂದೇ ಫೋನಿನ ಸುತ್ತ ಕೂತು ನೋಡಿದೆವು. ‘ಇವನನ್ನೂ ತೆಗೀಬೇಕು’ ಎಂದ ನಮ್ಮ ನ್ಯಾಯಾಧೀಶ. ಆದರೆ ಈ ಸಲ ತೆಗೆಯಲಿಲ್ಲ. ಸೆಪ್ಟೆಂಬರಿನಲ್ಲಿ ಹೊಸ ಋತು ಬಂತು. ಈಸ್ಟ್ ಬೆಂಗಾಲ್ ಎದುರಿನ ಮೊದಲ ಪಂದ್ಯವನ್ನು ನಮ್ಮ ಅಂಗಳದಲ್ಲಿ ಒಂದು ಗೋಲಿನಿಂದ ಗೆದ್ದರು. ಹೊಡೆದವನು ತಂಡದ ಕಿರಿಯರ ಶಾಲೆಯಿಂದಲೇ ಬಂದ ವಿನೀತ್ ವೆಂಕಟೇಶ್ ಎಂಬ ಹುಡುಗ. ಅದೇ ಜರಗೋಜ ಅವರ ತಂಡ 2025ರ ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ಲೀಗಿನ ಅಂತಿಮ ಪಂದ್ಯವಾಡಿತು. ಹೆಚ್ಚುವರಿ ಕಾಲದಲ್ಲಿ ಎರಡಕ್ಕೆ ಒಂದರಿಂದ ಸೋತೆವು, ನಿಜ. ಆದರೆ ಹತ್ತನೆಯ ಸ್ಥಾನದಿಂದ ಒಂದೇ ವರ್ಷದಲ್ಲಿ ಅಷ್ಟು ದೂರ ಬಂದರಲ್ಲ!

‘ಹಾಗಾದರೆ ಬೈಯಲೇಬಾರದೆ? ದುಡ್ಡು ಕೊಟ್ಟು ಟಿಕೆಟ್ ತೆಗೆದಿಲ್ಲವೆ?’ ಎಂದು ಕೇಳುವವರುಂಟು. ಬೈಯಬೇಕು. ಬೈಯದ ಅಭಿಮಾನಿ ಅಭಿಮಾನಿಯೇ ಅಲ್ಲ, ಅವನು ನೆಂಟ. ಆದರೆ ಕೊನೆಯ ಸೀಟಿ ಊದುವವರೆಗೆ ಕೂತವನು ಬೈಯಲಿ. ಆಟವನ್ನು ಬೈಯಲಿ, ಆಡುವವನ ತಾಯಿಯನ್ನಲ್ಲ. ಇನ್ನೂ ಒಂದು ವಿಚಾರ. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದಂಥ ಕೇರಿಗಳಲ್ಲಿ ಕಾಲ್ಚೆಂಡು ಇಂದು ನಿನ್ನೆಯದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಎದುರು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಆ ಪಂದ್ಯದಲ್ಲಿ ನಮ್ಮವರು ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು ಎರಡಕ್ಕೆ ಒಂದರಿಂದ ಸೋತರು. ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1968–69ರಲ್ಲಿ ಗೆದ್ದ ಮೇಲೆ, ಅದು ಮತ್ತೆ ನಮ್ಮ ರಾಜ್ಯಕ್ಕೆ ದೊರೆತದ್ದು 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ. ಐವತ್ತನಾಲ್ಕು ವರ್ಷ! ಅಷ್ಟು ಕಾಲ ಆ ಕೇರಿಗಳಲ್ಲಿ ಆಟವನ್ನು ಬಿಡದೆ ಕಾದವರ ಮುಂದೆ, ಎರಡು ಸೋಲಿಗೆ ನೀಲಿ ಅಂಗಿ ಮಡಿಸಿಟ್ಟ ನಾವು ಯಾವ ಲೆಕ್ಕ?

ಚಿಕ್ಕಬಳ್ಳಾಪುರದ ಗೆಳೆಯ ಬಸ್ಸಿನಲ್ಲಿ ಕೇಳಿದ ಪ್ರಶ್ನೆ ಮಾತ್ರ ನನ್ನನ್ನು ಬಹಳ ದಿನ ಕಾಡಿತು. ಗೋಲ್ ಕಂಬಗಳಿಲ್ಲದ ಊರಿನವನು ಆ ತಂಡವನ್ನು ‘ನಮ್ಮದು’ ಎನ್ನಬಹುದೆ? ಎನ್ನಬಹುದು ಎಂದೇ ನನ್ನ ನಂಬಿಕೆ; ಆದರೆ ಸುಮ್ಮನೆ ಎಂದರೆ ಸಾಲದು ಎಂದು ತೋರಿತು. ಆದ್ದರಿಂದ ಕಳೆದ ವರ್ಷ ನಾವೇ ಹನ್ನೊಂದು ಜನ ಕೂಡಿದೆವು. ನೀಲಗಿರಿ ಗಳುಗಳನ್ನು ತಂದು ಮೈದಾನದ ಎರಡು ತುದಿಗಳಲ್ಲಿ ನೆಟ್ಟೆವು. ಬಲೆಯಿಲ್ಲ, ಗೋಲಾದರೆ ಚೆಂಡನ್ನು ತರಲು ಬೇಲಿಯಾಚೆಗೆ ಓಡಬೇಕು. ಗೋಲ್‌ಕೀಪರ್ ಯಾರೆಂದರೆ, ನಮ್ಮ ಗೌರಿಬಿದನೂರಿನ ನ್ಯಾಯಾಧೀಶನೇ, ಎತ್ತರದ ಆಳು.

ಪಕ್ಕದ ತಾಲ್ಲೂಕಿನ ಕಾಲೇಜಿನವರೊಡನೆ ಮೊದಲನೆಯ ಪಂದ್ಯ. ಐದು ಗೋಲು ತಿಂದೆವು. ಹಿಂದಿರುಗುವಾಗ ಅವನು ಬಸ್ಸಿನ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದ. ನಾನು ಹೋಗಿ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ,

‘ಎರಡನೇದು ನಂದೇ ತಪ್ಪು ಕಣೋ’ ಎಂದ.

‘ನಾಲ್ಕನೇದೂ’ ಎಂದೆ.

ಅವನು ಸ್ವಲ್ಪ ಯೋಚಿಸಿ, ‘ಹೌದು, ಅದೂ. ಆದ್ರೆ ಮೂರನೇದಕ್ಕೆ ನೀನು ಹಿಂದಕ್ಕೆ ಓಡಿ ಬರಬೇಕಾಗಿತ್ತು’ ಎಂದ. ಅದು ನಿಜವಾಗಿತ್ತು.